ನೋಟಕರ ತೀರ್ಪು

ಕಾವ್ಯವು ಕವಿಯೊಬ್ಬನಿಂದಲೇ ಪೂರ್ಣವಾಗುವುದಿಲ್ಲ, ಅದಕ್ಕೆ ಸಹೃದಯನೂ ಬೇಕು ಎಂಬುದು ನಮ್ಮ ಆಲಂಕಾರಿಕರ ಮತ. ಆ ಸಹೃದಯನು ಕವಿಯ ಕಾಲದಲ್ಲಿಯೇ ಹುಟ್ಟಬೇಕೆಂಬ ಕಟ್ಟಳೆಯೇನೂ ಇಲ್ಲ. ಸಮಕಾಲೀನರ ಅನಾದರದಿಂದ ನೊಂದ ಭವಭೂತಿಯು ಮುಂದೆಂದೋ ಹುಟ್ಟಲಿರುವ ಸಮಾನಧರ್ಮನನ್ನು ನೆಚ್ಚಿಕೊಂಡನು. ಅವನ ನೆಚ್ಚಿಕೆಯು ಹುಸಿಯಾಗಲಿಲ್ಲ. ಆದರೆ ಅವನ ನಾಟಕಗಳು ಓಲೆಯ ಮೇಲೆ ಉಳಿದಿದ್ದುವು. ಒಂದು ಪ್ರತಿಯನ್ನು ಗೆದ್ದಲು ತಿಂದರೂ ಇನ್ನೊಂದು ಊರಿನಲ್ಲಿ ಇನ್ನೊಬ್ಬನು ಬರೆದಿಟ್ಟ ಪ್ರತಿಯು ಇರುತ್ತಿದ್ದಿತು. ಚಲಚ್ಚಿತ್ರದ ಸ್ಥಿತಿಯು ಇದಕ್ಕಿಂತ ಬಹಳ ನಾಜೂಕಾದುದು. ಬೇಗನೆ ಹತ್ತಿಕೊಳ್ಳುವ ಸುರುಳಿಯ ಮೇಲೆ ಮೂಡಿದ ಹಳೆಯ ಚಿತ್ರವೊಂದು ನಾಶವಾದರೆ, ಅದರ ಸಂಗಡ ಅದರ ಮರುವಿಚಾರಣೆಯೂ ನಾಶವಾಗುವುದು; ಮೊದಲ ದಿನದ ನೋಟಕರು ಕೊಟ್ಟ ತೀರ್ಪೇ ಕೊನೆಯ ತೀರ್ಪಾಗಿ ನಿಲ್ಲುವುದು. ಈ ಮಾತಿಗೆ ಫ್ರಾನ್ಸ್ ದೇಶದ ಒಂದು ಚಿತ್ರದ ಇತಿಹಾಸವು ಒಳ್ಳೆಯ ನಿದರ್ಶನವಾಗಿರುವುದು.

ಝಾಂ ರೆನ್ವಾರನು ಪ್ರಸಿದ್ಧ ವರ್ಣಚಿತ್ರಕಾರನಾದ ಒಗ್ಯುಸ್ತ್ ರೆನ್ವಾರನ ಮಗನು, 1894ರಲ್ಲಿ ಹುಟ್ಟಿದವನು, ಮೊದಲನೆಯ ಮಹಾಯುದ್ಧದಲ್ಲಿ ಹೋರಾಡಿ ಕಾಲಿಗೆ ಗಾಯ ಮಾಡಿಕೊಂಡು ಬಂದವನು. ಆ ಯುದ್ಧದ ಸೆರೆಯಾಳುಗಳನ್ನು ಕುರಿತು 1937ರಲ್ಲಿ ಅವನು ತೆಗೆದ ‘ಲಾ ಗ್ರಾಂದ್ ಇಲ್ಯೂಸಿಯೋಂ’ ಎಂಬ ಚಿತ್ರಕ್ಕೆ ಅಪಾರವಾದ ಜನಾದರ ದೊರಕಿತು. ಆ ಬಲದಿಂದ ಅವನು ಗೆಳೆಯರೊಡನೆ ಸ್ವಂತ ಸಂಸ್ಥೆಯೊಂದನ್ನು ಕಟ್ಟಿ, 1939ರಲ್ಲಿ ‘ಲಾ ರೆಗ್ಲ್ ದ್ಯು ಝೂ’, ಎಂದರೆ ‘ಆಟದ ನಿಯಮ’ ಎಂಬ ಚಿತ್ರವನ್ನು ಸಿದ್ಧಪಡಿಸಿದನು.

ಕಥೆಯು ಮೇಲುನೋಟಕ್ಕೆ ಹಗುರವಾದ ಪ್ರಹಸನದಂತಿದೆ. ಒಬ್ಬ ಸಿರಿವಂತ ಸರದಾರನು ಸೊಲೋಞ್ ಪ್ರಾಂತದಲ್ಲಿರುವ ತನ್ನ ಅರಮನೆಗೆ ಗೆಳೆಯರನ್ನು ಬೇಟೆಗೆಂದು ಕರೆಯುವನು. ಅವನ ಹೆಂಡತಿ ಕ್ರಿಸ್ತೀನಳಲ್ಲಿ ಅನುರಕ್ತನಾದ ಝುರಿಯೋ ಎಂಬ ವಿಮಾನವೀರನೂ, ಎಲ್ಲರಿಗೂ ಬೇಕಾದವನಾಗಿದ್ದರೂ ತನ್ನದೆಂಬ ನೆಲೆಯಿಲ್ಲದ ಓಕ್ತಾವನೂ ಅಲ್ಲಿಗೆ ಬರುವರು. ಓಕ್ತಾವನ ಪಾತ್ರವನ್ನು ರೆನ್ವಾರನೇ ವಹಿಸಿದನು. ಮೇಲಿನ ಅಂತಸ್ತಿನಲ್ಲಿ ಒಡೆಯರು ಆಡುವ ಪ್ರಣಯದ ಆಟವನ್ನೇ ಕೆಳಗಿನ ಅಂತಸ್ತಿನಲ್ಲಿ ಆಳುಗಳೂ ಆಡುತ್ತಿರುವರು. ಯಾರನ್ನಾದರೂ ಪ್ರೀತಿಸಬಹುದು, ಸುಳ್ಳು ಹೇಳಬಹುದು. ಆದರೆ ಮನಸ್ಸಿನ ನಿಜವನ್ನು ಬಾಯಿಬಿಟ್ಟು ಆಡಿ ಮರ್ಯಾದೆ ಕೆಡಿಸಬಾರದು. ಇದೇ ಅಲ್ಲಿಯ ಆಟದ ನಿಯಮ. ನಿಯಮವನ್ನರಿಯದ ಝುರಿಯೋ ಕೊನೆಗೆ ಬೇರೊಬ್ಬನೆಂಬ ಭ್ರಾಂತಿಯಿಂದ ಬೇಟೆಗಾವಲಿನವನ ಗುಂಡಿಗೆ ಬಲಿಯಾಗುವನು. ಅದೊಂದು ಆಕಸ್ಮಿಕವೆಂದು ಸರದಾರನು ಅತಿಥಿಗಳಿಗೆ ವಿನಯದಿಂದ ತಿಳಿಸುವನು. ಎಲ್ಲರೂ ಚಳಿಯಿಂದ ಒಳಕ್ಕೆ ಹೋಗುವರು.

ಈ ಚಿತ್ರವು 1939ನೆಯ ಜುಲೈ ತಿಂಗಳಿನಲ್ಲಿ ಪ್ಯಾರಿಸ್ಸಿನಲ್ಲಿ ಬಿಡುಗಡೆಯಾಯಿತು. ನೋಟಕರು ಶಿಳ್ಳೆ ಹಾಕಿದರು, ಕೂಗಾಡಿದರು. ಒಬ್ಬನು ಪತ್ರಿಕೆಗೆ ಬೆಂಕಿ ಹಚ್ಚಿ ರಂಗಮಂದಿರವನ್ನೇ ಸುಡಲೆಳಸಿದನೆಂದು ರೆನ್ವಾರನು ಆ ಮೇಲೆ ಹೇಳಿಕೊಂಡಿರುವನು. ಫ್ರೆಂಚ್ ಸರದಾರನ ಪಾತ್ರವನ್ನು ಯೆಹೂದ್ಯನಾದ ಮಾರ್ಸೆಲ್ ದಾಲಿಯೋ ವಹಿಸಿದುದೂ, ನಾಯಿಕೆಯಾದ ನೋರಾ ಗ್ರೆಗೋರ್ ಆಸ್ಟ್ರಿಯದವಳಾದುದೂ ಕೆಲವರ ಕಣ್ಣಿಗೆ ಮುಳ್ಳಾಯಿತು. ನಗುವುದಕ್ಕೆಂದು ಬಂದವರಿಗೆ ತಮ್ಮ ಸಮಾಜದ ಮುಖವನ್ನೇ ಕನ್ನಡಿಯಲ್ಲಿ ತೋರಿಸಿದಂತಾಯಿತು. ಅದೂ ಯುದ್ಧದ ಮೋಡವು ನೆತ್ತಿಯ ಮೇಲೆ ಕವಿದಿದ್ದ ಹೊತ್ತಿನಲ್ಲಿ. ಸೆಪ್ಟೆಂಬರ್ ಮೊದಲ ವಾರದಲ್ಲಿ ಫ್ರಾನ್ಸ್ ಜರ್ಮನಿಯ ಮೇಲೆ ಯುದ್ಧವನ್ನು ಸಾರಿತು. ಅಕ್ಟೋಬರಿನಲ್ಲಿ, ಜನರ ಧೈರ್ಯವನ್ನು ಕುಂದಿಸುವುದೆಂಬ ಕಾರಣದಿಂದ, ಸರಕಾರವು ಚಿತ್ರವನ್ನು ನಿಷೇಧಿಸಿತು.

ಆ ಮೊದಲ ನೋಟಕರನ್ನು ಅರಸಿಕರೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಅವರ ಕೋಪದಲ್ಲಿ ಒಂದು ಬಗೆಯ ಗ್ರಹಿಕೆಯಿದ್ದಿತು. ಚಿತ್ರವು ತಮ್ಮನ್ನು ಕುರಿತೇ ಆಡುತ್ತಿದೆ ಎಂಬುದನ್ನು ಅವರು ಸರಿಯಾಗಿಯೇ ಕಂಡುಕೊಂಡರು. ಅದನ್ನು ಸಹಿಸಲಾರದೆ ಹೋದರು. ಇನ್ನೊಂದು ವಿಷಯವನ್ನೂ ಮರೆಯಲಾಗದು. ಅವರಲ್ಲಿ ಬಹುಜನರು ನೋಡಿದುದು ಪೂರ್ತಿಯಾದ ಚಿತ್ರವನ್ನಲ್ಲ. ಬಿಡುಗಡೆಗೆ ಮೊದಲೇ ಕತ್ತರಿಯ ಪಾಲಾಗಿ ಸುಮಾರು 94 ನಿಮಿಷಗಳಿಗೆ ಇಳಿದಿದ್ದ ಚಿತ್ರವನ್ನು, ಜನರ ಕೂಗಿಗೆ ಅಂಜಿ ರೆನ್ವಾರನು ಮತ್ತೆ ಮತ್ತೆ ಕತ್ತರಿಸಿದನು. ಅದು ಒಂದೂವರೆ ಗಂಟೆಗಿಂತಲೂ ಚಿಕ್ಕದಾಯಿತು. ಮೊದಲು ಹೋದುದು ಅವನೇ ಆಡಿದ ಓಕ್ತಾವನ ಪಾತ್ರದ ಭಾಗಗಳು. ಓಕ್ತಾವನು ಕಥೆಯ ಎರಡು ಅಂತಸ್ತುಗಳನ್ನು ಕಟ್ಟಿಹಿಡಿದಿರುವ ಹುರಿ. ಹುರಿಯನ್ನು ಹರಿದ ಮೇಲೆ ಹಾರವು ಚೆದರಿತೆಂದು ನೋಟಕರನ್ನು ದೂರಿ ಫಲವೇನು?

1942ರಲ್ಲಿ, ಪ್ಯಾರಿಸ್ಸಿನ ಮಗ್ಗುಲಲ್ಲಿರುವ ಬುಲೋಞ್ ಪೇಟೆಯ ಮೇಲೆ ಮಿತ್ರರಾಷ್ಟ್ರಗಳ ವಿಮಾನಗಳು ಬಾಂಬು ಸುರಿಸಿದುವು. ಚಿತ್ರದ ಮೂಲ ನೆಗೆಟಿವ್ ಇದ್ದ ಕಾರ್ಖಾನೆಯು ಹಾಳಾಗಿ, ನೆಗೆಟಿವ್ ಸುಟ್ಟುಹೋಯಿತು. ರೆನ್ವಾರನು ಅಷ್ಟು ಹೊತ್ತಿಗೆ ಅಮೆರಿಕವನ್ನು ಸೇರಿದ್ದನು. ಯುದ್ಧವು ಮುಗಿದ ಮೇಲೆ ದೊರೆತುದು ಕತ್ತರಿಸಿದ ಪ್ರತಿಗಳು ಮಾತ್ರ. ಆದರೂ ಚಲಚ್ಚಿತ್ರ ಸಂಘಗಳಲ್ಲಿ ತರುಣರು ಆ ತುಂಡು ಪ್ರತಿಗಳನ್ನೇ ನೋಡಿ ಮೆಚ್ಚಿದರು. ಆಂದ್ರೆ ಬಾಝಾನ್ ಎಂಬ ವಿಮರ್ಶಕನು ರೆನ್ವಾರನ ಕಲೆಯನ್ನು ಬಾಯ್ತುಂಬ ಹೊಗಳಿದನು.

ಚಿತ್ರವು ಮರುಹುಟ್ಟನ್ನು ಪಡೆದುದು 1956ರಿಂದ ಈಚೆಗೆ. ಝಾಂ ಗಾಬೊರಿ, ಝಾಕ್ ಮಾರೆಶಾಲ್ ಎಂಬ ಇಬ್ಬರು ಉತ್ಸಾಹಿಗಳು ಚಿತ್ರದ ಹಕ್ಕನ್ನು ಕೊಂಡು ಹುಡುಕಾಟಕ್ಕೆ ತೊಡಗಿದರು. ಬಾಂಬಿಗೆ ತುತ್ತಾದ ಸ್ಥಳದಿಂದ 224 ಪೆಟ್ಟಿಗೆಗಳಷ್ಟು ಸುರುಳಿಗಳು ಸಿಕ್ಕಿದುವು. ಅವುಗಳಲ್ಲಿ ಬಿಡಿ ದೃಶ್ಯಗಳಿದ್ದುವು, ಧ್ವನಿಯ ಪಟ್ಟಿಗಳಿದ್ದುವು, ಬಿಸುಟ ತುಣುಕುಗಳಿದ್ದುವು. ಝಾಕ್ ದ್ಯುರಾನ್ ಎಂಬವನ ನೆರವಿನಿಂದಲೂ ರೆನ್ವಾರನ ಸಲಹೆಯಿಂದಲೂ ಅವುಗಳನ್ನು ಒಂದಕ್ಕೊಂದು ಹೊಂದಿಸಿದರು. ಹೀಗೆ 106 ನಿಮಿಷಗಳ ಚಿತ್ರವು ಸಿದ್ಧವಾಗಿ 1959ರಲ್ಲಿ ವೆನಿಸ್ಸಿನಲ್ಲಿ ಪ್ರದರ್ಶಿತವಾಯಿತು. ಹಿಂದಿನ ವರ್ಷವೇ ತೀರಿಕೊಂಡಿದ್ದ ಬಾಝಾನನ ನೆನಪಿಗೆ ಅದನ್ನು ಅರ್ಪಿಸಿದರು. 1939ರಲ್ಲಿ ಜನರು ಕಂಡುದಕ್ಕಿಂತಲೂ 1959ರಲ್ಲಿ ಕಂಡ ಚಿತ್ರವೇ ಹೆಚ್ಚು ಪೂರ್ಣವಾಗಿದ್ದಿತು ಎಂಬುದು ಇಲ್ಲಿಯ ಸೋಜಿಗ.

ತೀರ್ಪು ತಿರುಗಿತು. ಲಂಡನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆಯು 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಮತವನ್ನು ಸಂಗ್ರಹಿಸುತ್ತ ಬಂದಿದೆ. ಮೊದಲ ಸಲ ಈ ಚಿತ್ರಕ್ಕೆ ಹತ್ತನೆಯ ಸ್ಥಾನವು ದೊರಕಿತು; 1962ರಲ್ಲಿ ಮೂರನೆಯದು; 1972, 1982, 1992ರಲ್ಲಿ ಎರಡನೆಯದು. 2012ರಲ್ಲಿ ನಾಲ್ಕನೆಯದಾಗಿದ್ದುದು 2022ರಲ್ಲಿ ಹದಿಮೂರನೆಯದಾಯಿತು. ಹಿಂದೆ ಏರಿದುದು ಮುಂದೆ ಇಳಿಯಬಾರದೆಂದೇನೂ ಇಲ್ಲ. ವಿಚಾರಣೆಯು ಇನ್ನೂ ನಡೆಯುತ್ತಿದೆ ಎಂಬುದೇ ಮುಖ್ಯವಾದ ಮಾತು.

ವಿಮರ್ಶಕರ ಮತವು ಬೇರೆ, ಮನೆಯಲ್ಲಿ ಕುಳಿತು ನೋಡುವ ಸಾಮಾನ್ಯ ನೋಟಕನ ಮತವು ಬೇರೆ. ಈ ಎರಡನೆಯವನಿಗೆ ವಿಚಾರಣೆಯಲ್ಲಿ ಸ್ಥಾನವನ್ನು ಕೊಟ್ಟ ಸಾಧನಗಳಲ್ಲಿ ಡಿ.ವಿ.ಡಿ. ತಟ್ಟೆಯು ಮುಖ್ಯವಾದುದು. ಅದು 1996ರ ಕೊನೆಯಲ್ಲಿ ಜಪಾನಿನಲ್ಲಿಯೂ ಮರುವರ್ಷ ಅಮೆರಿಕದಲ್ಲಿಯೂ ಮಾರಾಟಕ್ಕೆ ಬಂದಿತು. ‘ಆಟದ ನಿಯಮ’ವು 2004ರಲ್ಲಿ ಅಮೆರಿಕದ ಕ್ರೈಟೀರಿಯನ್ ಸಂಸ್ಥೆಯ ತಟ್ಟೆಯಾಗಿ ಹೊರಬಂದಿತು. ಚಿತ್ರದ ಜೊತೆಗೆ ವಿದ್ವಾಂಸರ ವ್ಯಾಖ್ಯಾನವಿದ್ದಿತು. ಕತ್ತರಿಸಿದ ಪ್ರತಿಯ ಮುಕ್ತಾಯವನ್ನೂ ಪೂರ್ಣಪ್ರತಿಯ ಮುಕ್ತಾಯವನ್ನೂ ಅಕ್ಕಪಕ್ಕದಲ್ಲಿರಿಸಿ ತೋರಿಸಿದ್ದಿತು. ಪಾಠಾಂತರಗಳನ್ನು ಅಡಿಯಲ್ಲಿ ಕೊಟ್ಟು ಹಳಗನ್ನಡ ಕಾವ್ಯವನ್ನು ಅಚ್ಚು ಹಾಕಿಸುವ ಸಂಪಾದಕನ ಕೆಲಸಕ್ಕೂ ಇದಕ್ಕೂ ಬಹಳ ಭೇದವಿಲ್ಲ.

ಈ ಚಿತ್ರಕ್ಕಂತೂ ಮರುನೋಟವು ಅತ್ಯಗತ್ಯ. ರೆನ್ವಾರನು ಒಂದೇ ಚೌಕಟ್ಟಿನಲ್ಲಿ, ಮುಂದೆ ಒಂದು, ಹಿಂದೆ ಇನ್ನೊಂದು, ದೂರದ ಬಾಗಿಲಿನಲ್ಲಿ ಮತ್ತೊಂದು ವ್ಯಾಪಾರವನ್ನು ನಡೆಸುವನು. ಅತಿಥಿಗಳು ಮಲಗಲು ಹೊರಡುವ ರಾತ್ರಿಯ ಪಡಸಾಲೆಯ ದೃಶ್ಯದಲ್ಲಿ ಕಣ್ಣು ಒಬ್ಬನನ್ನು ಹಿಂಬಾಲಿಸಿದರೆ ಇನ್ನಿಬ್ಬರು ತಪ್ಪಿಹೋಗುವರು. ರಂಗಮಂದಿರದಲ್ಲಿ ಒಮ್ಮೆ ನೋಡಿದವನಿಗೆ ಗೊಂದಲವಾಗಿ ಕಂಡುದು, ತಟ್ಟೆಯನ್ನು ನಿಲ್ಲಿಸಿ ತಿರುಗಿ ನೋಡುವವನಿಗೆ ಕ್ರಮವಾಗಿ ಕಾಣುವುದು. ಹಾಗೆಂದು ಇಂದಿನ ನೋಟಕರೆಲ್ಲರೂ ಒಮ್ಮತದವರಲ್ಲ. ಮೊಲಗಳನ್ನೂ ಕಾಡುಕೋಳಿಗಳನ್ನೂ ನಿಜವಾಗಿಯೇ ಹೊಡೆದುರುಳಿಸಿದ ಬೇಟೆಯ ದೃಶ್ಯದಲ್ಲಿ ಕೆಲವರು ಬರಲಿದ್ದ ಯುದ್ಧದ ಮುನ್ಸೂಚನೆಯನ್ನು ಕಾಣುವರು. ಕೆಲವರು ಆ ಕ್ರೌರ್ಯದಿಂದ ಮುಖ ತಿರುಗಿಸುವರು. ಎರಡು ಅಭಿಪ್ರಾಯಗಳಿಗೂ ಚಿತ್ರದಲ್ಲಿ ಆಧಾರವುಂಟು. ನೋಡಿ ಒಪ್ಪದಿರುವ ಹಕ್ಕೂ ನೋಟಕನದೇ.

ರೆನ್ವಾರನು ಭಾರತಕ್ಕೆ ಅಪರಿಚಿತನಲ್ಲ. ‘ದಿ ರಿವರ್’ ಎಂಬ ಚಿತ್ರವನ್ನು ಅವನು ಕಲಕತ್ತೆಯ ಸಮೀಪದಲ್ಲಿ ತೆಗೆದನು; ಅದು 1951ರಲ್ಲಿ ಹೊರಬಂದಿತು. ಅದಕ್ಕಾಗಿ ಅವನು ಬಂದಾಗ ಇನ್ನೂ ತರುಣರಾಗಿದ್ದ ಸತ್ಯಜಿತ್ ರಾಯರು ಅವನನ್ನು ಕಂಡು ಮಾತನಾಡಿದರು. 1975ರಲ್ಲಿ ಅಮೆರಿಕದ ಚಲಚ್ಚಿತ್ರ ಅಕಾಡೆಮಿಯು ಅವನಿಗೆ ಗೌರವ ಪ್ರಶಸ್ತಿಯನ್ನಿತ್ತಿತು. 1979ರಲ್ಲಿ ಅವನು ತೀರಿಕೊಂಡನು. ತನ್ನ ಚಿತ್ರದ ತೀರ್ಪು ತಿರುಗಿದುದನ್ನು ಕಣ್ಣಾರೆ ಕಾಣುವ ಭಾಗ್ಯವು ಅವನಿಗಿದ್ದಿತು.

ಈ ಭಾಗ್ಯವು ಎಲ್ಲ ಚಿತ್ರಗಳಿಗೂ ಇರುವುದಿಲ್ಲ. ಕನ್ನಡದಲ್ಲಿ ಮೊದಲು ತೆರೆಕಂಡ ವಾಕ್ಚಿತ್ರವಾದ ‘ಸತಿ ಸುಲೋಚನ’ವು 1934ನೆಯ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ವೈ. ವಿ. ರಾಯರ ನಿರ್ದೇಶನ, ಸುಬ್ಬಯ್ಯನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾಯರು ಮೊದಲಾದವರ ಅಭಿನಯ. ಚಿತ್ರೀಕರಣವು ಕೊಲ್ಲಾಪುರದ ಸ್ಟುಡಿಯೋದಲ್ಲಿ. ಇಷ್ಟನ್ನು ಪುಸ್ತಕಗಳಿಂದ ತಿಳಿಯಬಹುದು. ಚಿತ್ರದ ಪ್ರತಿಯೊಂದೂ ಉಳಿದಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಭಂಡಾರವು ಸ್ಥಾಪಿತವಾದುದು 1964ರಲ್ಲಿ, ಎಂದರೆ ಆ ಚಿತ್ರವು ಹೊರಬಂದು ಮೂವತ್ತು ವರ್ಷಗಳಾದ ಮೇಲೆ. ಸುಲೋಚನೆಯ ವಿಲಾಪವು ಆ ದಿನದ ಬೆಂಗಳೂರಿನವರ ಮನಸ್ಸನ್ನು ಕರಗಿಸಿರಬಹುದು. ಅವರ ಮೆಚ್ಚಿಕೆಯು ಸರಿಯೋ ಅತಿಯೋ ಎಂದು ಪರೀಕ್ಷಿಸಲು ಮೊಮ್ಮಕ್ಕಳಿಗೆ ಚಿತ್ರವೇ ಇಲ್ಲ. ಪ್ಯಾರಿಸ್ಸಿನವರ ತಿರಸ್ಕಾರವನ್ನು ತಿದ್ದಿದುದು 224 ಪೆಟ್ಟಿಗೆಗಳು; ಬೆಂಗಳೂರಿನವರ ಆದರವನ್ನು ಎತ್ತಿಹಿಡಿಯಲು ಒಂದು ಪೆಟ್ಟಿಗೆಯೂ ದೊರೆಯಲಿಲ್ಲ. ಹಳೆಯ ಚಿತ್ರಗಳ ಗುಣದೋಷಗಳನ್ನು ಚರ್ಚಿಸುವ ರಸಿಕರು, ಚರ್ಚೆಗೆ ಮೊದಲು ಅವುಗಳ ಪ್ರತಿಗಳು ಎಲ್ಲಿವೆ, ಯಾವ ಸ್ಥಿತಿಯಲ್ಲಿವೆ ಎಂದು ವಿಚಾರಿಸುವುದು ಒಳಿತು. ಸಮಾನಧರ್ಮನು ಹುಟ್ಟಿಬಂದ ದಿನ ಅವನ ಕೈಗೆ ಕೊಡುವುದಕ್ಕೆ ಏನಾದರೂ ಇರಬೇಕಷ್ಟೆ.