ಎರಡು ನಿಮಿಷದ ವಿಮಾನಯಾನ

ದೂರ, ವೇಗ, ಕಾಲದ ಲೆಕ್ಕ ಬಂದಾಗ ಮಕ್ಕಳಿಗೆ ರೈಲು, ಸೈಕಲ್ಲುಗಳ ಉದಾಹರಣೆ ಕೊಡುವುದು ವಾಡಿಕೆ. ನಾನು ಒಂದು ವಿಮಾನದ ಲೆಕ್ಕ ಕೊಡುತ್ತಿದ್ದೆ. ದೂರ 2.7 ಕಿಲೋಮೀಟರ್, ಕಾಲ ಎರಡು ನಿಮಿಷ. ವೇಗವೆಷ್ಟು? ಗಂಟೆಗೆ 81 ಕಿಲೋಮೀಟರ್ ಎಂದು ಉತ್ತರ ಬಂದೊಡನೆ ತರಗತಿಯಲ್ಲಿ ನಗೆ ಏಳುತ್ತಿತ್ತು. ಇದು ವಿಮಾನವೋ ಬಸ್ಸೋ ಎಂದು ಅವರ ಪ್ರಶ್ನೆ.

ವಿಮಾನವೇ. ಸ್ಕಾಟ್ಲೆಂಡಿನ ಉತ್ತರ ತುದಿಯಾಚೆಗೆ ಆರ್ಕ್ನಿ ಎಂಬ ದ್ವೀಪಗಳ ಗುಂಪಿದೆ. ಅಲ್ಲಿಯ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ದ್ವೀಪಗಳ ನಡುವಿನ ಹಾರಾಟ, ವೇಳಾಪಟ್ಟಿಯಂತೆ ನಡೆಯುವ ವಿಮಾನಯಾನಗಳಲ್ಲಿ ಜಗತ್ತಿನಲ್ಲೇ ಅತಿ ಚಿಕ್ಕದು. ನಮ್ಮ ದೇವನಹಳ್ಳಿಯ ರನ್‌ವೇ ಒಂದೇ 4 ಕಿಲೋಮೀಟರ್ ಉದ್ದವಿದೆ, ಈ ಇಡೀ ಪ್ರಯಾಣ ಅದರೊಳಗೆ ಮುಗಿಯುತ್ತದೆ! ಗಾಳಿ ಅನುಕೂಲವಾಗಿದ್ದಾಗ ಸ್ಟುವರ್ಟ್ ಲಿಂಕ್‌ಲೇಟರ್ ಎಂಬ ಪೈಲಟ್ 53 ಸೆಕೆಂಡಿನಲ್ಲಿ ದಾಟಿದ ದಾಖಲೆಯಿದೆ.

ಇಷ್ಟು ದೂರಕ್ಕೆ ವಿಮಾನವೇಕೆ, ದೋಣಿ ಸಾಲದೇ ಎನ್ನಬಹುದು. ದೋಣಿಯೂ ಇದೆ. ಆದರೆ ಆ ಸಮುದ್ರದ ಸೆಳೆತ, ಚಳಿಗಾಲದ ಬಿರುಗಾಳಿ ಸಾಮಾನ್ಯವಲ್ಲ. ಮಲೆನಾಡಿನ ಶಾಲೆಯಲ್ಲಿದ್ದಾಗ ಮಳೆಗಾಲದಲ್ಲಿ ಹೊಳೆಯಾಚೆಯ ಮಕ್ಕಳ ಹಾಜರಿ ಖಾಲಿ ಬಿದ್ದಿರುತ್ತಿದ್ದುದನ್ನು ಕಂಡವಳು ನಾನು. ಕೂಗಿದರೆ ಕೇಳಿಸುವ ದೂರವೂ ದಾಟಲಾಗದಿದ್ದರೆ ದೂರವೇ.

ಇದನ್ನು ಮೊದಲು ಅರಿತವರಲ್ಲಿ ಕ್ಯಾಪ್ಟನ್ ಫ್ರೆಸನ್ ಒಬ್ಬರು. ಅವರು 1933ರಲ್ಲಿ ಇನ್ವರ್ನೆಸ್ ಪಟ್ಟಣದಿಂದ ಆರ್ಕ್ನಿಯ ಮುಖ್ಯ ಪಟ್ಟಣ ಕರ್ಕ್‌ವಾಲ್‌ಗೆ ವಿಮಾನ ಸೇವೆ ಆರಂಭಿಸಿದರು. 1934ರ ಮೇ 29ರಿಂದ ಅದೇ ವಿಮಾನದಲ್ಲಿ ಅಂಚೆಯೂ ಹೋಗತೊಡಗಿತು, ಅದೂ ಮಾಮೂಲಿ ಅಂಚೆಚೀಟಿಯ ದರದಲ್ಲೇ. ದ್ವೀಪದ ತಾಯಿಗೆ ಮಗನ ಕಾಗದ ಬೇಗ ತಲುಪಲು ಹೆಚ್ಚಿನ ಕಾಸು ಬೇಕಾಗಲಿಲ್ಲ. ಯುದ್ಧಾನಂತರ, 1947ರಲ್ಲಿ, ಫ್ರೆಸನ್ನರ ಸಂಸ್ಥೆ ಸರ್ಕಾರದ ವಿಮಾನ ಸಂಸ್ಥೆಯೊಳಗೆ ಸೇರಿಹೋಯಿತು. ಮರುವರ್ಷ ಅವರನ್ನೇ ಕೆಲಸದಿಂದ ತೆಗೆದರು. ದಾರಿ ಹಾಕಿದವರಿಗೆ ಲೋಕ ಹೀಗೆ ಮಾಡುವುದು ಹೊಸದೇನಲ್ಲ.

1967ರಲ್ಲಿ ಲೋಗನೇರ್ ಎಂಬ ಸಂಸ್ಥೆ ದ್ವೀಪದಿಂದ ದ್ವೀಪಕ್ಕೆ ಹಾರಾಟ ಶುರುಮಾಡಿತು. ಇದಕ್ಕೆ ಒದಗಿಬಂದದ್ದು ಐಲ್ಯಾಂಡರ್ ಎಂಬ ಪುಟ್ಟ ವಿಮಾನ. ಎರಡು ಎಂಜಿನ್, ಒಂಬತ್ತು ಜನರಷ್ಟೇ ಹಿಡಿಯುವ ಜಾಗ. ಚಿಕ್ಕ ಬಯಲಿದ್ದರೂ ಇಳಿಯಬಲ್ಲದು. ಡಾಕ್ಟರು, ಶಿಕ್ಷಕರು, ರೋಗಿಗಳು, ದ್ವೀಪಗಳ ಮಕ್ಕಳು ಇದರಲ್ಲಿ ಓಡಾಡಿದರು. ಬ್ಯಾಂಕಿನ ಕೆಲಸಕ್ಕೆಂದು ಓಡಾಡುತ್ತಿದ್ದ ಒಬ್ಬ ಮಹಿಳೆ 2011ರ ವೇಳೆಗೆ ಹತ್ತು ಸಾವಿರ ಸಲ ಹಾರಿದ್ದರಂತೆ. ನಾವು ಸಿಟಿ ಬಸ್ಸು ಹತ್ತುವಂತೆ!

ಪಾಪಾ ವೆಸ್ಟ್ರೇಯಲ್ಲಿ ನೂರು ಜನವೂ ಇಲ್ಲ. ಅಷ್ಟು ಮಂದಿಗಾಗಿ ವಿಮಾನವೇ ಎಂದು ಲಾಭನಷ್ಟದ ಲೆಕ್ಕ ಹಾಕಿದರೆ ಉತ್ತರ ಸುಲಭ. ಆದರೆ ಅಲ್ಲಿಯ ನ್ಯಾಪ್ ಆಫ್ ಹೋವರ್ ಎಂಬ ಕಲ್ಲಿನ ಮನೆಗೆ ಐದು ಸಾವಿರ ವರ್ಷಕ್ಕೂ ಹೆಚ್ಚಿನ ವಯಸ್ಸು, ಈಜಿಪ್ಟಿನ ಪಿರಮಿಡ್ಡುಗಳಿಗಿಂತಲೂ ಹಳೆಯದು. ಅಂದಿನಿಂದಲೂ ಮನುಷ್ಯರು ಒಲೆ ಹಚ್ಚಿ ಬಾಳಿದ ನೆಲ ಅದು. ಅದನ್ನು ಮೂಲೆ ಎನ್ನುವವರು ದೂರದಲ್ಲಿ ಕುಳಿತ ನಾವು.

ಒಂದು ಊರು ಬರಿದಾಗುವುದು ಒಂದೇ ದಿನದಲ್ಲಲ್ಲ. ಮೊದಲು ಡಾಕ್ಟರು ಬರುವುದಿಲ್ಲ, ಆಮೇಲೆ ಶಾಲೆ ಮುಚ್ಚುತ್ತದೆ, ಕೊನೆಗೆ ಮಗು ಹೊತ್ತ ತಾಯಿ ಹೊರಟುಬಿಡುತ್ತಾಳೆ. ಅವಳನ್ನು ಅಲ್ಲೇ ಉಳಿಸಿಕೊಳ್ಳುವುದು ಆ ಎರಡು ನಿಮಿಷದ ಕೆಲಸ. ಯಾವ ಊರಿನ ದೂರವನ್ನೂ ಮೈಲಿಗಲ್ಲು ಹೇಳಲಾರದು. ಹೆರಿಗೆ ನೋವು ಬಂದ ರಾತ್ರಿ ಅಲ್ಲಿಂದ ಆಸ್ಪತ್ರೆಗೆ ಎಷ್ಟು ಹೊತ್ತು ಎಂದು ಕೇಳಬೇಕು.