ಕಾಡುದಾರಿ ಕಾದವರು
ಧಾರವಾಡದ ಬಯಲು ಮಲೆನಾಡಿನತ್ತ ಹೊರಳುವಲ್ಲಿ, ಕಲಘಟಗಿ ತಾಲೂಕಿನಲ್ಲಿ, ದೇವಿಕೊಪ್ಪದ ಕಾಡಿದೆ. ಇಂಥ ಕಾಡಿನ ಕಾಲುದಾರಿಗಳನ್ನು ಸ್ವಯಂಸೇವಕರು ಸವರಿ ಉಳಿಸಬೇಕೆಂದರೆ, ಅದು ಪಟ್ಟಣದವರ ಹೊಸ ಹವ್ಯಾಸವೆಂದು ಮೂಗು ಮುರಿಯುವವರಿದ್ದಾರೆ. ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಕರಾವಳಿಯ ಉಪ್ಪು ಘಟ್ಟ ಹತ್ತಿದ್ದು ಲಂಬಾಣಿಗರ ಹೇರೆತ್ತುಗಳ ಬೆನ್ನ ಮೇಲೆ. ದಾರಿ ತೆರೆದಿಟ್ಟದ್ದು ನಡೆದವರ ಕಾಲು, ಅಡ್ಡ ಬಂದ ಮುಳ್ಳು ಕಡಿದ ಅವರ ಕುಡಗೋಲು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಧಾರವಾಡದ ಹತ್ತಿಗೆ ಬೇಡಿಕೆ ಬಂದಾಗ ಸರ್ಕಾರದ ಗಮನ ಬಂದರಿಗೆ ಹೋಗುವ ಬಂಡಿದಾರಿಗಳತ್ತ ಹರಿಯಿತು. 1878ರ ಅರಣ್ಯ ಕಾಯ್ದೆಯಂತೂ ಕಾಯ್ದಿಟ್ಟ ಕಾಡಿನ ದಾರಿಗಳನ್ನು ಮುಚ್ಚುವ ಅಧಿಕಾರವನ್ನೇ ಅಧಿಕಾರಿಗೆ ಕೊಟ್ಟಿತು. ಬದಲಿ ದಾರಿ ಇರಬೇಕೆಂಬ ಷರತ್ತಿತ್ತು, ನಿಜ. ಆ ಬದಲಿ ದಾರಿ ಅನುಕೂಲವೇ ಎಂದು ತೀರ್ಮಾನಿಸುವುದೂ ಸರ್ಕಾರವೇ.

ದಾರಿ ತೆರೆದರೆ ಬೆಂಕಿ, ಪ್ಲಾಸ್ಟಿಕ್, ಕಳ್ಳಬೇಟೆ ಬರುತ್ತವೆಂಬ ಅಂಜಿಕೆ ಸುಳ್ಳಲ್ಲ. ಆದರೆ ಕೈಬಿಟ್ಟ ದಾರಿಯನ್ನು ಮಳೆನೀರು ಕೊರಕಲು ಮಾಡುತ್ತದೆ. ನಡೆಯುವವರು ಕೆಸರು ತಪ್ಪಿಸಲು ಪಕ್ಕದಲ್ಲಿ ಇನ್ನೊಂದು, ಮತ್ತೊಂದು ಸೀಳು ಮಾಡುತ್ತಾರೆ. ಓರೆಯಾಗಿ ಕಲ್ಲು ಹೂತು ನೀರನ್ನು ಇಳಿಜಾರಿಗೆ ತಿರುಗಿಸುವುದು, ಒಳದಾರಿಗಳಿಗೆ ಮುಳ್ಳು ಹಾಕುವುದು, ಇವೂ ದುರಸ್ತಿಯೇ. 2006ರ ಅರಣ್ಯ ಹಕ್ಕು ಕಾಯ್ದೆ ಸಮುದಾಯದ ಕಾಡನ್ನು ಕಾಯುವ ಹಕ್ಕನ್ನು ಸಾಂಪ್ರದಾಯಿಕ ಅರಣ್ಯವಾಸಿಗಳಿಗೆ ಕೊಟ್ಟಿದೆ. ಯಾವ ದಾರಿ ಉಳಿಯಬೇಕು, ಯಾವುದು ಮುಚ್ಚಬೇಕು ಎಂಬುದು ಗ್ರಾಮಸಭೆಯಲ್ಲೇ ನಿರ್ಧಾರವಾಗಲಿ. ದನಗಾಹಿಗಳು ಮುಂದೆ ನಡೆಯಲಿ, ಪಟ್ಟಣದ ಸ್ವಯಂಸೇವಕರು ಗುದ್ದಲಿ ಹಿಡಿದು ಹಿಂದೆ ಬರಲಿ.