ತಾಲೀಮು ಅಂದ್ರ ಏನ್ರಿ? | ನಮ್ಮ ಕಲಬುರಗಿ ಕಥಿ, ಭಾಗ 7

ಮುಂದಿನ ಫೋಟೊ ನೋಡೂಕಿಂತ ಮೊದಲ ಇದಕ್ಕ ಉತ್ತರ ಹೇಳ್ರಿ. ‘ತಾಲೀಮು’ ಅಂದ್ರ ಏನು? ನಾಟಕದವರನ್ನ ಕೇಳಿದ್ರ ‘ಪ್ರಾಕ್ಟೀಸು’ ಅಂತಾರ. ಗರಡಿಮನಿಯವರು ‘ಕಸರತ್ತು’ ಅಂತಾರ. ಕಲಬುರಗಿಯ ನಿಮ್ಮ ಉರ್ದು ದೋಸ್ತನ್ನ ಕೇಳಿದ್ರ ‘ಶಿಕ್ಷಣ’ ಅಂತಾನ. ಮೂವರೂ ಖರೇನೇ ಹೇಳ್ಯಾರ. ಅರಬ್ಬಿಯಿಂದ ಬಂದ ಈ ಪದಕ್ಕೆ ಕಲಿಸುವುದು ಅಂತಲೇ ಅರ್ಥ. 1948ರ ಸೆಪ್ಟೆಂಬರ್ ತನಕ ನಮ್ಮ ಭಾಗ ನಿಜಾಮರ ಆಳ್ವಿಕೆಯಲ್ಲಿತ್ತು. ಆಗ ಶಿಕ್ಷಣ ಇಲಾಖೆಯ ಹೆಸರಲ್ಲೇ ‘ತಾಲೀಮಾತ್’ ಇತ್ತು.

ಅಂದ್ರ ನಾಟಕ ಕಲಿಯೋದಕ್ಕೂ ಸಾಲಿ ಕಲಿಯೋದಕ್ಕೂ ಇಲ್ಲಿ ಒಂದೇ ಪದ. ಕಲಿಸುವವನಿಗೂ ಒಂದೇ ಹೆಸರು: ಮಾಸ್ತರ. ಊರಾಗ ನಾಟಕ ಆಡಬೇಕಂದ್ರ ಪೇಟಿ ಮಾಸ್ತರನ್ನ ಕರೆಸುತ್ತಿದ್ದರು. ರಾತ್ರಿ ಊಟ ಮುಗಿದ ಮ್ಯಾಲ ತಾಲೀಮು. ಅಕ್ಷರ ಬರದ ಗಂಡಸರಿಗೂ ಆತ ಪುಟಗಟ್ಟಲೆ ಮಾತು ಬಾಯಿಪಾಠ ಮಾಡಿಸುತ್ತಿದ್ದ, ರಾಗ ಹಿಡಿಸುತ್ತಿದ್ದ, ಎಲ್ಲಿ ನಿಲ್ಲಬೇಕು, ಎಲ್ಲಿ ತಿರುಗಬೇಕು ಅಂತ ತೋರಿಸುತ್ತಿದ್ದ. ಇದನ್ನ ಶಿಕ್ಷಣ ಅಲ್ಲ ಅನ್ನೂದು ಹ್ಯಾಂಗ?

ಸಾಲಿ ಮಾತ್ರ ಪ್ರದರ್ಶನವನ್ನ ಒಳಗ ಬಿಟ್ಟುಕೊಂಡು ಕಲಿಸುವುದನ್ನ ಹೊರಗೇ ನಿಲ್ಲಿಸಿತು. ಗ್ಯಾದರಿಂಗ್ ಹತ್ತಿರ ಬಂದಾಗ ಕನ್ನಡ ಸರ್ ನಾಲ್ಕು ಚಲೋ ದನಿಯ ಹುಡುಗರನ್ನ ಆರಿಸ್ತಾರ, ಹತ್ತು ದಿನ ತಾಲೀಮು, ಒಂದು ರಾತ್ರಿ ಚಪ್ಪಾಳಿ. ಉಳಿದವರು ಕುರ್ಚಿ ಹೊರೂದು. ನೀವೂ ಹೊತ್ತಿರಬೇಕು.

ಆದರ ಸಾಲಿಯ ಒಂದು ನಾಟಕ ಎಲ್ಲಿತನಕ ಒಯ್ಯಬಹುದು ಅನ್ನೋದಕ್ಕ ಬಿ.ವಿ. ಕಾರಂತರು ಅದಾರಲ್ಲ. ಬಂಟ್ವಾಳ ಕಡೆಯ ಹುಡುಗ. ಮೂರನೆಯ ಇಯತ್ತೆಯಲ್ಲಿ ಕುವೆಂಪು ಅವರ ‘ನನ್ನ ಗೋಪಾಲ’ದಲ್ಲಿ ಪಾರ್ಟು ಮಾಡಿದರು. ಆಮೇಲೆ ಮನೆ ಬಿಟ್ಟು ಓಡಿ ಗುಬ್ಬಿ ಕಂಪನಿ ಸೇರಿದರು, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿದರು. ಮುಂದೆ ಅದೇ ಶಾಲೆಯ ನಿರ್ದೇಶಕರಾದದ್ದು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು, 1969ರಿಂದ 72ರ ತನಕ, ಅವರು ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳ ನಾಟಕ ಮಾಸ್ತರಾಗಿದ್ದರು. ನನಗೆ ಇದೇ ದೊಡ್ಡದು ಅನಸ್ತದ. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದವರೂ ಅವರೇ. ನಮ್ಮ ಕಲಬುರಗಿ ರಂಗಾಯಣ ಅದೇ ಬೇರಿನದು.

ಇನ್ನೊಂದು ಕಥಿ ಬಹಳ ದೂರದ್ದು. ಸುಮಾರು 120 ವರ್ಷದ ಹಿಂದೆ, ಇಂಗ್ಲೆಂಡಿನ ಸಾಂಪ್ಟಿಂಗ್ ಅನ್ನೋ ಹಳ್ಳಿಯ ಸಾಲಿಗೆ ಹ್ಯಾರಿಯೆಟ್ ಫಿನ್ಲೆ-ಜಾನ್ಸನ್ ಅಂತ ಹೆಡ್ ಮೇಡಂ ಇದ್ದರು. ಆಕೆ ಇತಿಹಾಸ, ಭೂಗೋಳ, ಲೆಕ್ಕ ಎಲ್ಲವನ್ನೂ ನಾಟಕದಿಂದಲೇ ಕಲಿಸಿದರು. ಮಾತು ಬರೆಯುವವರೂ ಮಕ್ಕಳೇ, ಆಡುವವರೂ ಮಕ್ಕಳೇ. ನೋಡುವವರು ಮುಖ್ಯ ಅಲ್ಲ ಅಂದರು. ನಮ್ಮ ಗ್ಯಾದರಿಂಗಿಗೆ ಪೂರಾ ಉಲ್ಟಾ.

ಈಗ ಕಮಲಾಪುರಕ್ಕ ಬರ್ರಿ. ಹುಮನಾಬಾದ್ ರಸ್ತೆದಾಗ ಸುಮಾರು 35 ಕಿಲೋಮೀಟರ್, ಕೆಂಪು ಬಾಳೆಹಣ್ಣಿಗೆ ಜಿಐ ಟ್ಯಾಗ್ ಪಡೆದ ಊರು. ಅಲ್ಲಿನ ಒಂಬತ್ತನೆತ್ತೆ ಮಕ್ಕಳಿಗೆ ಇದನ್ನೇ ನಾಟಕ ಮಾಡ್ರಿ ಅನ್ನಬೇಕು. ಒಬ್ಬಾಕಿ ಬೆಳೆಗಾರಳು, ಒಬ್ಬ ದಲಾಲಿ, ಒಬ್ಬ ಕಲಬುರಗಿ ಗಿರಾಕಿ. ತೋಟದ ರೇಟು ಎಷ್ಟು, ಬಂಡಿ ಮ್ಯಾಲಿನ ರೇಟು ಎಷ್ಟು, ನಡುವಿನ ರೊಕ್ಕ ಎಲ್ಲಿ ಹೋತು? ಬಿಕಾಂನಾಗ ನಾವು ಮಾರ್ಕೆಟಿಂಗ್ ಅಂತ ಓದೂದು ಅವರಿಗೆ ಹತ್ತು ನಿಮಿಷದಾಗ ಗೊತ್ತಾಗ್ತದ.

ಎಸ್ಸೆಸ್ಸೆಲ್ಸಿ 625 ಅಂಕದಾಗ ನಾಟಕಕ್ಕ ಒಂದೂ ಇಲ್ಲ. ಹತ್ತನೆಯ ತರಗತಿ ತನಕ ರಂಗಕಲೆ ಸೇರಿ ಕಲಾ ಶಿಕ್ಷಣ ಕಡ್ಡಾಯ ಇರಬೇಕು ಅಂತ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಆಶಯ. ರಾಜ್ಯದ ಕೆಲವೇ ಸರ್ಕಾರಿ ಪ್ರೌಢಶಾಲೆಗಳಲ್ಲಿ ನಾಟಕ ಶಿಕ್ಷಕರು ಅದಾರ. ಉಳಿದ ಕಡೆ ವಿಜ್ಞಾನ ನಾಟಕ ಸ್ಪರ್ಧೆ ಬಂದಾಗ ಸೈನ್ಸ್ ಟೀಚರೇ ಮಾಸ್ತರ, ಪಾಪ. ಚಲೋನೂ ಮಾಡಸ್ತಾರ. ರಂಗಾಯಣ, ಎಸ್.ಎಂ. ಪಂಡಿತ ರಂಗಮಂದಿರ ಎಲ್ಲಾ ಕಲಬುರಗಿಯಾಗೇ ಅದಾವ. ಸಿಟಿ ಹುಡುಗ ಸೈಕಲ್ ಮ್ಯಾಲ ಹೋಗಬಹುದು. ಕಮಲಾಪುರದ ಹುಡುಗಿಗೆ ತಾಲೀಮು ಮುಗಿಯೂದ್ರಾಗ ವಾಪಸ್ ಹೋಗೂ ಬಸ್ಸಿನ ಚಿಂತಿ.

ನಿಮ್ಮ ಸಾಲ್ಯಾಗ ನಾಟಕ ಯಾರು ಕಲಿಸಿದ್ರು, ಎಷ್ಟು ದಿನ? ಕಮೆಂಟಿನಾಗ ಬರೀರಿ. ಮುಂದಿನ ಭಾಗದಾಗ ಪೇಟಿ ಮಾಸ್ತರರ ಬಗ್ಗೆನೇ ಬರೀತೀನಿ.